ವಕೀಲರಿಗೆ ಎಲ್ಲ ಹೇಳಿ, ಟೀ ಅಂಗಡಿಯಲ್ಲಿ ಏನೂ ಹೇಳಬೇಡಿ

ಚಿಂತಾಮಣಿ ಕೋರ್ಟಿನ ಹತ್ತಿರದ ಯಾವುದಾದರೂ ಟೀ ಅಂಗಡಿಯಲ್ಲಿ ಬೆಳಗ್ಗೆ ಹತ್ತರಿಂದ ಹನ್ನೊಂದರವರೆಗೆ ಸುಮ್ನೆ ಕೂತಿರಿ. ಅವತ್ತು ಕರೆಯುವ ಅರ್ಧ ಕೇಸುಗಳ ಗುಟ್ಟು ನಿಮ್ಮ ಕಿವಿಗೆ ಬೀಳುತ್ತದೆ. ಯಾರು ಸಾಕ್ಷಿ ಹೇಳುತ್ತಾರೆ, ಯಾವ ಪತ್ರ ಕಳೆದುಹೋಗಿದೆ, ಎಷ್ಟು ಕೊಟ್ಟರೆ ರಾಜಿಗೆ ಬರುತ್ತಾರೆ, ಎಲ್ಲ. ಅದೇ ಜನ ಹನ್ನೊಂದೂಕಾಲಿಗೆ ನಮ್ಮ ಆಫೀಸಿಗೆ ಬಂದು ಲಾಯರ್ ಎದುರು ಕೂತಾಗ ಬಾಯಿಗೆ ಬೀಗ. "ಅಷ್ಟೇ ಸಾರ್, ಬೇರೇನಿಲ್ಲ" ಅನ್ನುತ್ತಾರೆ.

ನಾನು ವಕೀಲನಲ್ಲ, ವಕೀಲರ ಗುಮಾಸ್ತ. ಫೈಲು ಹೊರುವುದು, ಡೇಟು ಬರೆದುಕೊಳ್ಳುವುದು, ಕಾಪಿ ಅರ್ಜಿ ಹಾಕುವುದು, ಶಿರಸ್ತೇದಾರರ ಮುಂದೆ ನಿಲ್ಲುವುದು ನನ್ನ ಕೆಲಸ. ಇಷ್ಟು ವರ್ಷದಲ್ಲಿ ನೋಡಿದ್ದು ಏನೆಂದರೆ, ಕೇಸು ಕೆಡುವುದು ಕಾನೂನು ಗೊತ್ತಿಲ್ಲದೆ ಅಲ್ಲ, ಮಾತು ತಪ್ಪಾದ ಜಾಗದಲ್ಲಿ ಆಡಿ. ಹಾಗಾಗಿ ಮೊದಲ ಸಲ ಲಾಯರ್ ಹತ್ತಿರ ಹೋಗುವವರು ಹೇಗೆ ಹೋಗಬೇಕು, ಏನು ಹೇಳಬೇಕು, ಆ ಮಾತು ಎಲ್ಲಿಯವರೆಗೆ ಭದ್ರ, ಇದನ್ನಷ್ಟೇ ಬರೆಯುತ್ತೇನೆ.

ಕಾನೂನು ಏನು ಹೇಳುತ್ತದೆ

ನೀವು ನಿಮ್ಮ ಕೆಲಸಕ್ಕೆ ನೇಮಿಸಿಕೊಂಡ ವಕೀಲರಿಗೆ ಆ ಕೆಲಸದ ಸಲುವಾಗಿ ಹೇಳಿದ ಮಾತನ್ನು, ಅವರು ನಿಮಗೆ ಕೊಟ್ಟ ಸಲಹೆಯನ್ನು, ಅವರು ನೋಡಿದ ನಿಮ್ಮ ಪತ್ರದಲ್ಲಿ ಏನಿದೆ ಎನ್ನುವುದನ್ನು ನಿಮ್ಮ ಒಪ್ಪಿಗೆ ಇಲ್ಲದೆ ಅವರು ಯಾರಿಗೂ ಹೇಳುವಂತಿಲ್ಲ. ಇದು ಹೊಸದಲ್ಲ. 1872ರ ಸಾಕ್ಷ್ಯ ಕಾಯ್ದೆಯ 126ರಿಂದ 129ನೇ ಕಲಮುಗಳಲ್ಲಿ ಇತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದ ಮೇಲೆ ಅದೇ ವಿಷಯ 132, 133, 134ನೇ ಕಲಮುಗಳಿಗೆ ಬಂದಿದೆ. ನಂಬರು ಬದಲಾಗಿದೆ, ತಿರುಳು ಹೆಚ್ಚುಕಡಿಮೆ ಅದೇ.

ಇಲ್ಲಿ ಎರಡು ವಿಷಯ ಜನ ತಪ್ಪು ತಿಳಿದಿರುತ್ತಾರೆ. ಒಂದು, ಕೇಸು ಮುಗಿದ ಮೇಲೆ ಅಥವಾ ನೀವು ಲಾಯರ್ ಬದಲಾಯಿಸಿದ ಮೇಲೆ ಹಳೆಯ ಲಾಯರ್ ಬಾಯಿ ಬಿಡಬಹುದು ಅಂದುಕೊಳ್ಳುತ್ತಾರೆ. ಇಲ್ಲ. ಕೆಲಸ ಮುಗಿದರೂ ಈ ಕಟ್ಟು ಮುಗಿಯುವುದಿಲ್ಲ. ಎರಡು, ಈ ಗುಟ್ಟು ಲಾಯರದ್ದು ಅಂದುಕೊಳ್ಳುತ್ತಾರೆ. ಅದು ನಿಮ್ಮದು. ಬಿಡುವ ಅಧಿಕಾರವೂ ನಿಮ್ಮದೇ. ನೀವು ಕಟಕಟೆ ಹತ್ತಿ ಸಾಕ್ಷಿ ಹೇಳಿದ ಮಾತ್ರಕ್ಕೆ ನಿಮ್ಮ ಲಾಯರ್ ಬಾಯಿ ಬಿಚ್ಚಲು ಒಪ್ಪಿಗೆ ಕೊಟ್ಟಂತೆ ಆಗುವುದಿಲ್ಲ. ಆದರೆ ಅದೇ ಲಾಯರನ್ನು ಸಾಕ್ಷಿಯಾಗಿ ಕರೆಸಿ, ನೀವೇ ಆ ಗುಟ್ಟಿನ ವಿಷಯ ಪ್ರಶ್ನೆ ಕೇಳಿದರೆ ಒಪ್ಪಿಗೆ ಕೊಟ್ಟಂತೆಯೇ. ಅಂಥ ಬುದ್ಧಿವಂತಿಕೆ ಮಾಡಬೇಡಿ.

ನಾನೂ, ದುಭಾಷಿಯೂ ಇದರಲ್ಲಿ ಸೇರಿದ್ದೇವೆ

132ನೇ ಕಲಮು ವಕೀಲರ ಗುಮಾಸ್ತರಿಗೂ, ಆಫೀಸಿನ ಕೆಲಸಗಾರರಿಗೂ, ಭಾಷೆ ಅನುವಾದ ಮಾಡಿ ಹೇಳುವವರಿಗೂ ಅನ್ವಯಿಸುತ್ತದೆ. ನಮ್ಮ ಕಡೆ ಇದು ಬರೀ ಪುಸ್ತಕದ ಮಾತಲ್ಲ. ಬಾಗೇಪಲ್ಲಿ ಕಡೆಯಿಂದ ಬರುವ ಎಷ್ಟೋ ಜನರ ಮನೆಮಾತು ತೆಲುಗು. ಬೆಂಗಳೂರಿನಿಂದ ಬಂದ ಸೀನಿಯರ್ ಲಾಯರಿಗೆ ಅದು ಬರುವುದಿಲ್ಲ, ಆಗ ನಡುವೆ ಕೂತು ಎರಡೂ ಕಡೆ ಹೇಳುವವನು ನಾನೇ. ಒಂದು ಸಲ ಒಬ್ಬ ಅಜ್ಜಿ ತಮ್ಮ ಸೊಸೆಯ ವಿಷಯ ಹೇಳುತ್ತಾ ಹೇಳುತ್ತಾ ನಿಲ್ಲಿಸಿ, ನನ್ನ ಕೈಯಲ್ಲಿದ್ದ ಪೆನ್ನು ಹಿಡಿದುಕೊಂಡು "ಇದಿ ರಾಸುಕೋವದ್ದು ನಾಯನಾ" ಅಂದರು. ಬರೆದುಕೊಳ್ಳಬೇಡಪ್ಪಾ ಅಂತ. ಬರೆದುಕೊಳ್ಳಲಿಲ್ಲ. ಏನು ಹೇಳಿದರು ಅಂತ ಇಲ್ಲೂ ಬರೆಯುವುದಿಲ್ಲ.

ಯಾರು ಈ ಕಟ್ಟಿನೊಳಗೆ ಇಲ್ಲ ಅಂತ ಗೊತ್ತಿರುವುದು ಇನ್ನೂ ಮುಖ್ಯ. ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಕೂರುವ ಪತ್ರ ಬರಹಗಾರರು ವಕೀಲರಲ್ಲ. ಜಮೀನು ಬ್ರೋಕರ್ ಅಲ್ಲ. ಊರಿನ ಪಂಚಾಯಿತಿ ಹಿರಿಯರು ಅಲ್ಲ. "ನನಗೆ ಕೋರ್ಟು ಎಲ್ಲ ಗೊತ್ತು, ನಾನು ಮಾತಾಡ್ತೀನಿ ಬಾ" ಅಂತ ಬಸ್‌ಸ್ಟ್ಯಾಂಡಿನಿಂದಲೇ ಜೊತೆಗೆ ಬರುವ ಪುಣ್ಯಾತ್ಮ ಅಂತೂ ಖಂಡಿತ ಅಲ್ಲ. ಇವರಿಗೆ ಹೇಳಿದ ಮಾತಿಗೆ ಈ ಕಲಮಿನ ರಕ್ಷಣೆ ಇಲ್ಲ. ಎದುರು ಪಾರ್ಟಿ ಅವರನ್ನು ಸಾಕ್ಷಿಗೆ ಕರೆಸಿದರೆ ಹೇಳಲೇಬೇಕು.

ಮೊದಲ ಭೇಟಿ: ಒಬ್ಬರೇ ಒಳಗೆ ಹೋಗಿ

ಇಡೀ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಜೊತೆಗೆ ಬಂದವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ.

ಶಿಡ್ಲಘಟ್ಟ ಕಡೆಯ ಒಬ್ಬರು ರೇಷ್ಮೆ ಬೆಳೆಗಾರರು ಬಂದಿದ್ದರು. ಅವರ ಅಣ್ಣನ ಮಕ್ಕಳು ಒಂದೆಕರೆ ಚಿಲ್ಲರೆ ಜಮೀನಿಗೆ ದಾವೆ ಹಾಕಿದ್ದರು, ಅದು ನಮ್ಮಪ್ಪನ ಭಾಗಕ್ಕೆ ಬಂದಿದ್ದು, ಚಿಕ್ಕಪ್ಪ ನುಂಗಿದ್ದಾರೆ ಅಂತ. ಇವರ ಜೊತೆ ಭಾಮೈದನೂ ಬಂದು ಒಳಗೇ ಕೂತ. ಲಾಯರ್ ಕೇಳಿದರು, ಹಿಂದೆ ಯಾವತ್ತಾದರೂ ಭಾಗ ಆಗಿತ್ತಾ, ಪಾಲುಪಟ್ಟಿ ಏನಾದರೂ ಇದೆಯಾ ಅಂತ. ಇವರು ಒಂದು ಸಲ ಭಾಮೈದನ ಮುಖ ನೋಡಿದರು. "ಇಲ್ಲ ಸಾರ್, ಯಾವ ಪಾಲುಪಟ್ಟಿನೂ ಆಗಿಲ್ಲ" ಅಂದರು. ನಾನು ಹಾಗೇ ಬರೆದುಕೊಂಡೆ, ತಕರಾರು ಅರ್ಜಿಯಲ್ಲೂ ಅದೇ ಹೋಯಿತು.

ಎರಡು ವರ್ಷದ ಮೇಲೆ ಪಾಟೀಸವಾಲಿನಲ್ಲಿ ಎದುರು ಲಾಯರ್ ಒಂದು ಹಳದಿ ಬಣ್ಣಕ್ಕೆ ತಿರುಗಿದ ಕಾಗದ ತೋರಿಸಿ "ಇದು ನಿಮ್ಮ ರುಜು ತಾನೇ?" ಅಂತ ಕೇಳಿದರು. ಪಂಚಾಯಿತಿ ಪಾಲುಪಟ್ಟಿ. ಆ ಜಮೀನು ಅಣ್ಣನಿಗೆ ಅಂತ ಸ್ಪಷ್ಟವಾಗಿ ಬರೆದಿತ್ತು. ಅವತ್ತು ಸಂಜೆ ಆಫೀಸಿಗೆ ಒಬ್ಬರೇ ಬಂದು ಕೂತು ಪೂರ್ತಿ ಹೇಳಿದರು. ಭಾಗ ಆಗಿತ್ತಂತೆ. ಆಮೇಲೆ ಅಣ್ಣನಿಗೆ ಕಷ್ಟ ಬಂದಾಗ ಇವರು ದುಡ್ಡು ಕೊಟ್ಟು ಜಮೀನು ವಾಪಸು ಬಿಡಿಸಿಕೊಂಡಿದ್ದರಂತೆ, ಅಣ್ಣ ಬಿಳಿ ಹಾಳೆಯಲ್ಲಿ ರಸೀದಿಯನ್ನೂ ಬರೆದುಕೊಟ್ಟಿದ್ದರಂತೆ. ಆ ದುಡ್ಡು ಎಲ್ಲಿಂದ ಬಂತು? ಹೆಂಡತಿಯ ಒಡವೆ ಅಡ ಇಟ್ಟು. ಒಡವೆ ಮುಳುಗಿಹೋಯಿತು. ಅದು ಹೆಂಡತಿಯ ತಮ್ಮನಿಗೆ ಗೊತ್ತಾಗಬಾರದು ಅಂತ ಅವತ್ತು ಸುಳ್ಳು ಹೇಳಿದ್ದು. ಅಷ್ಟೇ ವಿಷಯ! ರಸೀದಿ ಟ್ರಂಕಿನಲ್ಲೇ ಇತ್ತು. ಮೊದಲೇ ತಂದಿದ್ದರೆ ಲಾಯರ್ ದಾರಿ ಬೇರೆ ಹಿಡಿಯುತ್ತಿದ್ದರು. ಈಗ ತಂದರೆ, ಪಾಲುಪಟ್ಟಿಯೇ ಆಗಿಲ್ಲ ಅಂತ ಪ್ರಮಾಣ ಮಾಡಿ ಹೇಳಿದ ಮನುಷ್ಯನ ಕಾಗದವನ್ನು ಯಾರು ನಂಬುತ್ತಾರೆ?

ಹಾಗಾಗಿ ನೀವು ಹೋಗುವ ಹಿಂದಿನ ರಾತ್ರಿ ಒಂದು ಕೆಲಸ ಮಾಡಿ. ಟ್ರಂಕು, ಬೀರು, ದೇವರ ಕೋಣೆ ಗೂಡು ಎಲ್ಲ ಹುಡುಕಿ ಇರುವ ಕಾಗದವನ್ನೆಲ್ಲ ಒಂದು ಚೀಲಕ್ಕೆ ಹಾಕಿ. ಪಹಣಿ, ಮ್ಯುಟೇಶನ್, ಕ್ರಯಪತ್ರ, ಕಂದಾಯ ರಸೀದಿ, ಹಳೇ ನೋಟೀಸು, ಬಂದ ಕವರು ಸಮೇತ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗುವ ಮುಂಚಿನ ಕೇಸಾದರೆ ಕೋಲಾರದ ಕೋರ್ಟಿನ ಹಳೇ ನಂಬರು ಎಲ್ಲಾದರೂ ಗೀಚಿದ್ದರೆ ಅದನ್ನೂ ತನ್ನಿ. ಯಾವುದು ಬೇಕು ಯಾವುದು ಬೇಡ ಅಂತ ನೀವು ತೀರ್ಮಾನ ಮಾಡಬೇಡಿ. ನಿಮಗೆ ನಾಚಿಕೆ ಆಗುವ ವಿಷಯವನ್ನೇ ಮೊದಲು ಹೇಳಿ, ಸಾಲ, ಎರಡನೇ ಸಂಸಾರ, ಹಳೇ ಪೊಲೀಸ್ ಕೇಸು, ಯಾವುದೇ ಇರಲಿ. ಲಾಯರ್ ಕೇಳಿರದ ಕಥೆ ಅಂತ ಯಾವುದೂ ಇಲ್ಲ.

ಭಾಮೈದ ಬೇಜಾರು ಮಾಡಿಕೊಂಡರೆ? "ಲಾಯರ್ ಒಬ್ಬರನ್ನೇ ಬರಹೇಳಿದ್ದಾರೆ" ಅನ್ನಿ. ಬೇಕಾದರೆ ಆಫೀಸಿಗೆ ಬಂದ ತಕ್ಷಣ ಗುಮಾಸ್ತನಿಗೆ ಕಣ್ಸನ್ನೆ ಮಾಡಿ. ನಾವೇ ಆ ಮಾತು ಹೇಳಿ ಅವರಿಗೊಂದು ಟೀ ತರಿಸಿ ಹೊರಗೆ ಕೂರಿಸುತ್ತೇವೆ.

ಎಲ್ಲಿ ಈ ರಕ್ಷಣೆ ಸಿಗುವುದಿಲ್ಲ

ಆಗಿಹೋದ ತಪ್ಪನ್ನು ಹೇಳಿಕೊಂಡು ಸಲಹೆ ಕೇಳುವುದು ಬೇರೆ, ಮುಂದೆ ಮಾಡುವ ತಪ್ಪಿಗೆ ಸಹಾಯ ಕೇಳುವುದು ಬೇರೆ. "ಸಾರ್, ನಾನು ಸುಳ್ಳು ರುಜು ಹಾಕಿಬಿಟ್ಟಿದ್ದೇನೆ, ಈಗ ಏನು ಮಾಡೋದು?" ಅಂದರೆ ಆ ಮಾತು ಭದ್ರ. "ಸಾರ್, ಹಳೇ ತಾರೀಕು ಹಾಕಿ ಒಂದು ಅಗ್ರಿಮೆಂಟ್ ಮಾಡಿಕೊಡಿ" ಅಂದರೆ ಅದಕ್ಕೆ ರಕ್ಷಣೆ ಇಲ್ಲ. ಕಾನೂನುಬಾಹಿರ ಕೆಲಸ ಮುಂದುವರಿಸಲು ಆಡಿದ ಮಾತು ಈ ಕಲಮಿನ ಹೊರಗೆ. ಹಾಗೆಯೇ, ಕೇಸು ವಹಿಸಿಕೊಂಡ ಮೇಲೆ ಅಪರಾಧವೋ ಮೋಸವೋ ನಡೆದದ್ದು ಲಾಯರ್ ಕಣ್ಣಿಗೆ ಬಿದ್ದರೆ ಅದೂ ಹೊರಗೆ.

ಪತ್ರಗಳ ವಿಷಯದಲ್ಲಿ ಒಂದು ಭ್ರಮೆ ಇದೆ. ಅಸಲು ಕ್ರಯಪತ್ರವನ್ನು ಲಾಯರ್ ಬೀರುವಿನಲ್ಲಿ ಇಟ್ಟುಬಿಟ್ಟರೆ ಕೋರ್ಟೂ ಕೇಳುವಂತಿಲ್ಲ ಅಂತ. ಹಾಗಿಲ್ಲ. ಮೊದಲಿನಿಂದ ಇದ್ದ ಪತ್ರ ಯಾರ ಹತ್ತಿರ ಇದ್ದರೂ ಕೋರ್ಟು ಹಾಜರುಪಡಿಸಲು ಹೇಳಬಹುದು.

ಇನ್ನೊಂದು, ನೀವು ದಾವೆಯಲ್ಲಿ ಬರೆಸಿದ್ದು ಗುಟ್ಟಲ್ಲ. ಅದು ಕೋರ್ಟಿನ ದಾಖಲೆ. ಪ್ರತಿ ಕೇಸಿಗೂ ಕೋರ್ಟು ಕೊಡುವ ಸಿಎನ್ಆರ್ ಅನ್ನುವ ಗುರುತಿನ ನಂಬರು ಇದ್ದರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಮುಂದಿನ ಡೇಟು ಯಾವಾಗ, ಏನು ಆದೇಶ ಆಯಿತು ಅಂತ ಯಾರು ಬೇಕಾದರೂ ನೋಡಬಹುದು. ನಿಮ್ಮ ಎದುರು ಪಾರ್ಟಿಯ ಮಗ ನೋಡುತ್ತಲೇ ಇರುತ್ತಾನೆ.

ಮೊಬೈಲು, ಜೆರಾಕ್ಸ್ ಅಂಗಡಿ

ಈಗಿನ ಕಾಲದಲ್ಲಿ ಗುಟ್ಟು ಸೋರುವುದು ಇಲ್ಲಿಂದಲೇ. ಲಾಯರ್ ಕಳಿಸಿದ ನೋಟೀಸಿನ ಡ್ರಾಫ್ಟನ್ನು ಪ್ರಿಂಟ್ ತೆಗೆಸಲು ಜನ ಜೆರಾಕ್ಸ್ ಅಂಗಡಿಯವನ ವಾಟ್ಸಾಪ್ ನಂಬರಿಗೆ ಕಳಿಸುತ್ತಾರೆ. ಎರಡು ರೂಪಾಯಿ ಕೊಟ್ಟು ಪ್ರಿಂಟ್ ಹಿಡಿದು ಹೋಗುತ್ತಾರೆ. ಫೈಲು ಅವನ ಕಂಪ್ಯೂಟರಿನಲ್ಲಿ, ನಿಮ್ಮ ಹೆಸರಿನಲ್ಲೇ, ಹಾಗೇ ಕೂತಿರುತ್ತದೆ. ಮುಂದಿನ ಗಿರಾಕಿ ಪರದೆ ನೋಡಿಕೊಂಡು ಪಕ್ಕದಲ್ಲೇ ನಿಂತಿರುತ್ತಾನೆ. ಅಲ್ಲೇ ನಿಂತು ಅಳಿಸಿಸಿ, ಅಥವಾ ನಮ್ಮ ಆಫೀಸಿನಲ್ಲೇ ಪ್ರಿಂಟ್ ಕೇಳಿ, ಕೊಡುತ್ತೇವೆ.

ಲಾಯರ್ ಕಳಿಸಿದ ಮೆಸೇಜನ್ನು ಮನೆಯವರ ಗ್ರೂಪಿಗೆ ಫಾರ್ವರ್ಡ್ ಮಾಡಬೇಡಿ. ಭಾಗದ ಕೇಸಿನಲ್ಲಿ ಎದುರು ಪಾರ್ಟಿಯೂ ಮನೆಯವರೇ ಅಲ್ವಾ! ಒಬ್ಬರು ಲಾಯರ್ ಆಡಿಯೋ ಮೆಸೇಜನ್ನು "ನಮ್ಮ ಕುಟುಂಬ" ಅನ್ನುವ ಗ್ರೂಪಿಗೆ ಹಾಕಿದ್ದರು, ಅದರಲ್ಲಿ ದಾವೆ ಹಾಕಿದ ತಂಗಿಯೂ ಇದ್ದಳು ಅನ್ನುವುದು ನೆನಪಾದದ್ದು ಅವಳು ಆ ಮೆಸೇಜಿಗೆ ಥಂಬ್ಸ್ ಅಪ್ ಗುರುತು ಹಾಕಿದ ಮೇಲೆ. ಫೋನು ಮಕ್ಕಳ ಕೈಯಲ್ಲಿರುತ್ತದೆ ಅಂದರೆ ಲಾಯರಿಗೆ ಮೊದಲೇ ಹೇಳಿ, ಆಫೀಸಿಗೆ ಕರೆಸಿಕೊಂಡು ಬಾಯಲ್ಲೇ ಹೇಳುತ್ತಾರೆ.

ಪೊಲೀಸರು ಕರೆದಾಗ

ಬಂಧನ ಆದರೆ, ನಿಮಗೆ ಇಷ್ಟವಾದ ವಕೀಲರನ್ನು ಕಂಡು ಮಾತಾಡುವ ಹಕ್ಕು ಸಂವಿಧಾನದ 22ನೇ ವಿಧಿಯಲ್ಲೇ ಇದೆ. ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 38ನೇ ಕಲಮಿನ ಪ್ರಕಾರ ವಿಚಾರಣೆ ನಡೆಯುವಾಗಲೂ ವಕೀಲರನ್ನು ಭೇಟಿ ಮಾಡಬಹುದು, ಆದರೆ ವಿಚಾರಣೆ ಮುಗಿಯುವವರೆಗೂ ಅವರು ಪಕ್ಕದಲ್ಲೇ ಕೂತಿರಲು ಆಗುವುದಿಲ್ಲ. ಸ್ಟೇಷನ್ನಿನಲ್ಲಿ ಲಾಯರ್ ಜೊತೆ ಮಾತಾಡುವಾಗ ಕಾನ್‌ಸ್ಟೇಬಲ್ ಕಿವಿಗೆ ಬೀಳದಷ್ಟು ದೂರ ಹೋಗಿ ಮಾತಾಡಲು ಬಿಡಿ ಅಂತ ಲಾಯರ್ ಕೈಯಲ್ಲೇ ಕೇಳಿಸಿ.

ಇನ್ನು, ಪೊಲೀಸರು ನಿಮ್ಮನ್ನು ಬಿಟ್ಟು ನಿಮ್ಮ ಲಾಯರಿಗೇ ನೋಟೀಸು ಕೊಟ್ಟರೆ? ಇದು ದೊಡ್ಡ ಗಲಾಟೆಯೇ ಆಯಿತು. 2025ರ ಜೂನ್‌ನಲ್ಲಿ ಜಾರಿ ನಿರ್ದೇಶನಾಲಯ ಸುಪ್ರೀಂ ಕೋರ್ಟಿನ ಹಿರಿಯ ವಕೀಲರಾದ ಅರವಿಂದ್ ದಾತಾರ್ ಮತ್ತು ಪ್ರತಾಪ್ ವೇಣುಗೋಪಾಲ್ ಅವರಿಗೇ ಸಮನ್ಸ್ ಕಳಿಸಿತು, ಕಕ್ಷಿದಾರರಿಗೆ ಕಾನೂನು ಸಲಹೆ ಕೊಟ್ಟ ವಿಷಯದಲ್ಲಿ. ವಕೀಲರೆಲ್ಲ ಎದ್ದು ಕೂತರು, ಸಮನ್ಸ್ ವಾಪಸಾಯಿತು. ಅದೇ ಹೊತ್ತಿಗೆ ಗುಜರಾತಿನಲ್ಲಿ ಒಬ್ಬ ವಕೀಲರಿಗೆ ಪೊಲೀಸರು ಕೊಟ್ಟ ನೋಟೀಸು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕೋರ್ಟು ತಾನಾಗಿಯೇ ವಿಷಯ ಕೈಗೆತ್ತಿಕೊಂಡು, 2025ರ ಅಕ್ಟೋಬರ್ 31ರಂದು ಆಗಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರ ಪೀಠ ತೀರ್ಪು ಕೊಟ್ಟಿತು. ಕಕ್ಷಿದಾರನ ಕೇಸಿನ ವಿವರ ತಿಳಿಯಲು ಅವನ ವಕೀಲರಿಗೆ ತನಿಖಾಧಿಕಾರಿ ಸಮನ್ಸ್ ಕೊಡುವಂತಿಲ್ಲ. ನಾನು ಮೇಲೆ ಹೇಳಿದ ವಿನಾಯಿತಿಗಳಲ್ಲಿ ಯಾವುದಾದರೂ ಇದೆ ಅಂತಾದರೆ, ಯಾವ ಸಂಗತಿಯ ಮೇಲೆ ಅಂತ ಸಮನ್ಸಿನಲ್ಲೇ ಬರೆಯಬೇಕು, ಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿ ಲಿಖಿತವಾಗಿ ಒಪ್ಪಿರಬೇಕು. ಅಂಥ ಸಮನ್ಸನ್ನು ಲಾಯರೂ ಪ್ರಶ್ನಿಸಬಹುದು, ಕಕ್ಷಿದಾರರೂ ಪ್ರಶ್ನಿಸಬಹುದು. ವಕೀಲರ ಲ್ಯಾಪ್‌ಟಾಪು, ಫೋನು ಬೇಕು ಅಂದರೆ ಕೋರ್ಟಿನ ಮುಂದೆಯೇ ಹಾಜರುಪಡಿಸಬೇಕು, ತೆರೆಯುವಾಗ ಬೇರೆ ಕಕ್ಷಿದಾರರ ವಿಷಯ ಹೊರಬೀಳದಂತೆ ನೋಡಿಕೊಳ್ಳಬೇಕು.

ಈ ತೀರ್ಪು ದೆಹಲಿಯ ದೊಡ್ಡವರಿಗೆ ಅಂತ ಅಂದುಕೊಳ್ಳಬೇಡಿ. "ನಿಮ್ಮ ಪಾರ್ಟಿ ಎಲ್ಲಿದ್ದಾನೆ ಹೇಳಿ ಸಾರ್" ಅಂತ ನಮ್ಮ ಆಫೀಸಿಗೂ ಫೋನು ಬರುತ್ತದೆ. ಮೊದಲು ನಮ್ಮ ಲಾಯರ್ ಏನೋ ಒಂದು ಹೇಳಿ ಜಾರಿಕೊಳ್ಳುತ್ತಿದ್ದರು. ಈಗ "ಬರಹದಲ್ಲಿ ಕೊಡಿ" ಅನ್ನುತ್ತಾರೆ. ಬರಹದಲ್ಲಿ ಇಲ್ಲಿಯವರೆಗೆ ಒಂದೂ ಬಂದಿಲ್ಲ.

ಲಾಯರ್ ನಿಮ್ಮ ಆಳಲ್ಲ, ಇನ್ನೊಬ್ಬರ ಆಳೂ ಅಲ್ಲ

ಗುಟ್ಟು ಉಳಿಯಬೇಕಾದರೆ ಲಾಯರ್ ಯಾರ ಹಂಗಿನಲ್ಲೂ ಇರಬಾರದು. ಎಂಎಲ್ಎ ಕಡೆಯವರು ಫೋನು ಮಾಡಿದರು ಅಂತ ನಿಮ್ಮ ಕೇಸು ಸಡಿಲ ಬಿಡುವ ಲಾಯರ್, ನಿಮ್ಮ ಮಾತನ್ನೂ ಸಡಿಲ ಬಿಡುತ್ತಾರೆ. ಹಾಗಾಗಿ ಮೊದಲ ದಿನವೇ ನೇರವಾಗಿ ಕೇಳಿ, "ಎದುರು ಪಾರ್ಟಿಯವರ ಯಾವುದಾದರೂ ಕೇಸು ನೀವು ನಡೆಸ್ತಾ ಇದ್ದೀರಾ, ಅವರು ನಿಮಗೆ ಏನಾದರೂ ಆಗಬೇಕಾ?" ತಾಲ್ಲೂಕು ಊರಿನಲ್ಲಿ ಎಲ್ಲರಿಗೂ ಎಲ್ಲರೂ ಏನಾದರೂ ಆಗಬೇಕು, ಅದು ಬೇರೆ ಮಾತು. ಆದರೆ ಸಂಬಂಧ ಇದ್ದರೆ ಕಕ್ಷಿದಾರನಿಗೆ ತಿಳಿಸಬೇಕು ಅನ್ನುವುದು ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ. ದಾವೆ ಹಾಕಲು ಒಬ್ಬರಿಗೆ ಸಲಹೆ ಕೊಟ್ಟ ಮೇಲೆ ಅದೇ ವಿಷಯದಲ್ಲಿ ಎದುರು ಪಾರ್ಟಿಗೆ ವಕಾಲತ್ತು ಹಾಕುವಂತಿಲ್ಲ ಅನ್ನುವುದೂ ಅಲ್ಲೇ ಇದೆ.

ನೀವೂ ಅವರನ್ನು ಕಟ್ಟಿಹಾಕಬೇಡಿ. ಸುಳ್ಳು ಸಾಕ್ಷಿ ರೆಡಿ ಮಾಡಿ ಅಂದರೆ ಆಗುವುದಿಲ್ಲ ಅನ್ನುವ ಲಾಯರೇ ಒಳ್ಳೆಯವರು. "ಗೆದ್ದರೆ ಐದು ಗುಂಟೆ ನಿಮಗೆ" ಅನ್ನುವ ಮಾತು ನಮ್ಮ ಕಡೆ ಜಾಸ್ತಿ, ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಬಂದು ಜಮೀನಿಗೆ ಬೆಲೆ ಬಂದ ಮೇಲೆ ಇನ್ನೂ ಜಾಸ್ತಿ. ಗೆದ್ದದ್ದರಲ್ಲಿ ಪಾಲು ತೆಗೆದುಕೊಳ್ಳುವುದನ್ನು ಬಾರ್ ಕೌನ್ಸಿಲ್ ನಿಯಮ ನಿಷೇಧಿಸಿದೆ. ಪಾಲು ಇರುವವನು ನಿಮ್ಮ ಲಾಯರ್ ಅಲ್ಲ, ನಿಮ್ಮ ಜಮೀನಿನ ಇನ್ನೊಬ್ಬ ಹಕ್ಕುದಾರ. ಫೀಸು ಎಷ್ಟು ಅಂತ ಮೊದಲೇ ಮಾತಾಡಿ, ಕೊಟ್ಟದ್ದಕ್ಕೆ ರಸೀದಿ ಕೇಳಿ. ಖಾಲಿ ಹಾಳೆಗೆ ರುಜು ಬೇಡ, ವಕಾಲತ್ತು ನಾಮೆಯಲ್ಲಿ ಕೇಸಿನ ಹೆಸರು ತುಂಬಿದ ಮೇಲೆಯೇ ರುಜು.

ಕೆಲವೊಮ್ಮೆ ಊರಿನ ವಕೀಲರೆಲ್ಲ ಸೇರಿ ಇಂಥವನ ಪರ ಯಾರೂ ನಿಲ್ಲಬಾರದು ಅಂತ ನಿರ್ಣಯ ಮಾಡುವುದುಂಟು. ಅಂಥ ನಿರ್ಣಯ ಕಾನೂನಿಗೆ ವಿರುದ್ಧ ಅಂತ ಸುಪ್ರೀಂ ಕೋರ್ಟು 2010ರಲ್ಲೇ ತಮಿಳುನಾಡಿನ ಒಂದು ಕೇಸಿನಲ್ಲಿ ಹೇಳಿದೆ. ನನಗೆ ಗುಮಾಸ್ತನಾಗಿ ಇದು ಹೇಳಲು ಕಷ್ಟ, ಆದರೂ ಹೇಳುತ್ತೇನೆ: ಎಂಥ ಕೆಟ್ಟ ಹೆಸರು ಬಂದವನಿಗೂ ಲಾಯರ್ ಇರಬೇಕು. ಅವನ ಪರ ನಿಂತ ಲಾಯರನ್ನು ಬೈಯುವುದು ದಡ್ಡತನ. ಚಿಕ್ಕಮಗಳೂರಿನಲ್ಲಿ ಒಬ್ಬ ವಕೀಲರ ಮೇಲೆ ಪೊಲೀಸರು ಹಲ್ಲೆ ಮಾಡಿದರು ಅನ್ನುವ ಗಲಾಟೆ ಆದ ಮೇಲೆ 2023ರ ಡಿಸೆಂಬರಿನಲ್ಲಿ ನಮ್ಮ ರಾಜ್ಯ ವಕೀಲರ ಮೇಲಿನ ಹಿಂಸೆ ತಡೆಯಲು ಬೇರೆ ಮಸೂದೆಯನ್ನೇ ಪಾಸು ಮಾಡಬೇಕಾಯಿತು, ನೋಡಿ.

ಲಾಯರ್ ಬದಲಾಯಿಸಬೇಕು ಅನಿಸಿದರೆ

ಸುಮ್ನೆ ಹೋಗಿ ಹೊಸಬರಿಗೆ ವಕಾಲತ್ತು ಕೊಡಲು ಆಗುವುದಿಲ್ಲ. ಹಳೆಯ ಲಾಯರಿಂದ ಅಭ್ಯಂತರ ಇಲ್ಲ ಅಂತ ಬರೆಸಿಕೊಳ್ಳಬೇಕು, ಅವರು ಕೊಡದಿದ್ದರೆ ಕೋರ್ಟಿನ ಅನುಮತಿ ಕೇಳಬೇಕು. ಫೀಸು ಬಾಕಿ ಇದೆ ಅಂತ ಫೈಲು ಹಿಡಿದಿಟ್ಟುಕೊಳ್ಳುವಂತಿಲ್ಲ, ಇದನ್ನು ಸುಪ್ರೀಂ ಕೋರ್ಟು 2000ದಲ್ಲಿ ಆರ್.ಡಿ. ಸಕ್ಸೇನಾ ಕೇಸಿನಲ್ಲಿ ಖಡಾಖಂಡಿತವಾಗಿ ಹೇಳಿದೆ. ಬಾಕಿ ಫೀಸು ಅವರು ಬೇರೆ ದಾರಿಯಲ್ಲಿ ವಸೂಲಿ ಮಾಡಿಕೊಳ್ಳಬೇಕು. ನೀವು ಬಾಕಿ ಉಳಿಸಿಕೊಳ್ಳದಿದ್ದರೆ ಇನ್ನೂ ಚೆನ್ನ.

ಲಾಯರೇ ಗುಟ್ಟು ಹೊರಗೆ ಬಿಟ್ಟರೆ 1961ರ ವಕೀಲರ ಕಾಯ್ದೆಯ 35ನೇ ಕಲಮಿನಲ್ಲಿ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಅದು ಬೆಂಗಳೂರಿನಲ್ಲಿದೆ. ಎಚ್ಚರಿಕೆ ಕೊಡುವುದರಿಂದ ಹಿಡಿದು ವಕೀಲಿಕೆ ಮಾಡುವ ಸನ್ನದು ಕಿತ್ತುಕೊಳ್ಳುವವರೆಗೆ ಅವರಿಗೆ ಅಧಿಕಾರ ಇದೆ. ಅಲ್ಲಿಯ ಆದೇಶ ಸರಿ ಬರದಿದ್ದರೆ 60 ದಿನದೊಳಗೆ ಬಾರ್ ಕೌನ್ಸಿಲ್ ಆಫ್ ಇಂಡಿಯಾಕ್ಕೆ ಮೇಲ್ಮನವಿ. ಗ್ರಾಹಕರ ಕೋರ್ಟಿಗೆ ಹೋಗಿ ದಿನ ಹಾಳು ಮಾಡಿಕೊಳ್ಳಬೇಡಿ, ವಕೀಲರ ಸೇವೆ ಗ್ರಾಹಕ ಕಾಯ್ದೆಗೆ ಬರುವುದಿಲ್ಲ ಅಂತ 2024ರ ಮೇ 14ರಂದು ಸುಪ್ರೀಂ ಕೋರ್ಟು ತೀರ್ಮಾನಿಸಿದೆ.

ದುಡ್ಡಿಲ್ಲದವರಿಗೆ ಕಾನೂನು ಸೇವಾ ಪ್ರಾಧಿಕಾರ ಇದೆ, ತಾಲ್ಲೂಕಿನಲ್ಲಿ ಅದರ ಸಮಿತಿ ಕೋರ್ಟಿನ ಆವರಣದಲ್ಲೇ ಸಿಗುತ್ತದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಬಂಧನದಲ್ಲಿ ಇರುವವರು ಎಷ್ಟೇ ಆದಾಯ ಇದ್ದರೂ ಅರ್ಹರು. ಫೋನಾದರೆ 15100. ಪುಕ್ಕಟೆ ಲಾಯರ್ ಗುಟ್ಟು ಕಾಯುವುದಿಲ್ಲ ಅಂತ ಒಬ್ಬರು ನನ್ನ ಹತ್ತಿರ ವಾದ ಮಾಡಿದ್ದರು. ಕಲಮಿನಲ್ಲಿ ಫೀಸಿನ ಮಾತೇ ಇಲ್ಲ, ಅವರಿಗೂ ಅದೇ ಕಟ್ಟು.

ಬೆಳಗ್ಗೆ ಬರುವವರು ಹತ್ತಕ್ಕೆ ಮುಂಚೆ ಬನ್ನಿ, ಆಮೇಲೆ ಕೋರ್ಟಿನ ಗಡಿಬಿಡಿ. ಸಂಜೆ ಐದೂವರೆ ಮೇಲೆ ಬಂದರೆ ಲಾಯರ್ ಕೂತು ಸಮಾಧಾನವಾಗಿ ಕೇಳುತ್ತಾರೆ. ಟೀ ನಮ್ಮ ಆಫೀಸಿಗೇ ತರಿಸುತ್ತೇವೆ, ಅಂಗಡಿಗೆ ಹೋಗಬೇಡಿ.